ಹಾಡುವವರೂ ಹಾಡಿಸುವವರೂ
(ಬಾನುಲಿ ಭಾಷಣ)

ಒಂದು ರಾಕ್ ಸಂಗೀತ ತಂಡ ದೂರದರ್ಶನದ ಸಂಗೀತ ವಾಹಿನಿಯೊಂದನ್ನು ವಶಪಡಿಸಿಕೊಂಡಿತು ಎಂಬ ಮಾತು ಕಿವಿಗೆ ಬಿದ್ದರೆ, ಬಸವನಗುಡಿಯ ಕಟ್ಟೆಯ ಮೇಲೆ ಕುಳಿತು ಹೊತ್ತು ಕಳೆಯುವ ನಮ್ಮಂಥವರಿಗೆ ಮೊದಲು ತೋರುವ ಚಿತ್ರ ಗಲಭೆಯದು. ಉದ್ದ ಕೂದಲಿನ ನಾಲ್ವರು ತರುಣರು ಗಿಟಾರುಗಳನ್ನು ಬಂದೂಕುಗಳಂತೆ ಹಿಡಿದು ಒಳನುಗ್ಗಿದರು, ಉದ್ಘೋಷಕಿ ಮೇಜಿನ ಕೆಳಗೆ ಅಡಗಿದಳು, ಹೀಗೆ ಏನೇನೋ ಕಲ್ಪನೆಯಾಗುತ್ತದೆ. ವಾಸ್ತವವಾಗಿ ನಡೆಯುವುದು ಇದಕ್ಕಿಂತ ಬಹಳ ಸಾಧುವಾದ ಕಾರ್ಯ. ವಾಹಿನಿಯ ಒಡೆಯರೇ ಆ ತಂಡವನ್ನು ಕರೆದು ಕೂರಿಸಿ, ಇಂದಿನ ದಿನ ಪೂರ್ತಿ ಈ ಮನೆ ನಿಮ್ಮದು, ಯಾವ ಹಾಡು ಹಾಕಬೇಕು, ಯಾವುದರ ಹಿಂದೆ ಯಾವುದು ಬರಬೇಕು, ನಡುವೆ ಏನು ಮಾತನಾಡಬೇಕು, ಎಲ್ಲವೂ ನಿಮ್ಮ ಇಷ್ಟ ಎಂದು ಹೇಳುತ್ತಾರೆ. ಅಮೆರಿಕದ ಫೂ ಫೈಟರ್ಸ್ ಎಂಬ ತಂಡ 2000ದ ದಶಕದಲ್ಲಿ ಎಂಟಿವಿ 2 ಎಂಬ ವಾಹಿನಿಯಲ್ಲಿ ಹೀಗೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ಮೆರೆಯಿತು. ಮಾರನೆಯ ದಿನ ಮನೆ ಮತ್ತೆ ಒಡೆಯರದು.

ಇದರಲ್ಲಿ ವಿಶೇಷವೇನು, ಹಾಡುವವರು ತಮಗೆ ಬೇಕಾದುದನ್ನು ಹಾಡುವುದು ಲೋಕರೂಢಿಯಲ್ಲವೆ ಎಂದು ನೀವು ಕೇಳಬಹುದು. ನಮ್ಮ ಕಡೆಯ ಕಛೇರಿಯ ಮಟ್ಟಿಗೆ ಆ ಪ್ರಶ್ನೆ ಸಹಜವಾದದ್ದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವವನ್ನು ಕೇಳಿ ಬೆಳೆದವರು ನಾವು. ಅದನ್ನು ನಡೆಸುವ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಸ್ಥಾಪಿತವಾದದ್ದು. ಅಲ್ಲಿ ವಿದ್ವಾಂಸರು ವರ್ಣದಿಂದ ತೊಡಗಬೇಕೆ, ನೇರವಾಗಿ ಕೃತಿಗೆ ಇಳಿಯಬೇಕೆ, ತೋಡಿಯನ್ನು ಮುಕ್ಕಾಲು ಗಂಟೆ ವಿಸ್ತರಿಸಬೇಕೆ ಎಂಬುದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಹೆಚ್ಚೆಂದರೆ ಪೆಂಡಾಲಿನ ನಡುವಿನಿಂದ ಒಂದು ಚೀಟಿ ಕೈಯಿಂದ ಕೈಗೆ ದಾಟಿ ವೇದಿಕೆಯನ್ನು ಸೇರುತ್ತಿತ್ತು. ವಿದ್ವಾಂಸರು ಅದನ್ನು ಓದಿ ತೊಡೆಯ ಕೆಳಗೆ ಇಟ್ಟುಕೊಂಡರೆ, ಅದು ಆಗುವುದಿಲ್ಲ ಎಂದರ್ಥ. ಕಛೇರಿ ನಡೆಯುವಷ್ಟು ಹೊತ್ತು ಅವರೇ ದೊರೆ.

ಆದರೆ ಪ್ರಸಾರ ಎಂಬುದು ಬೇರೆ ಲೋಕ. ಪ್ರೇಷಕ ಯಂತ್ರವೂ ಗಡಿಯಾರವೂ ನಡುವೆ ಬಂದೊಡನೆ ಹಾಡುವವರು ಬೇರೆ, ಹಾಡಿಸುವವರು ಬೇರೆ ಆಗುತ್ತಾರೆ. ಕೇಂದ್ರದಿಂದ ಕರಾರುಪತ್ರ ಬರುತ್ತದೆ. ಹಾಡಬೇಕಾದ ಕೃತಿಗಳ ಪಟ್ಟಿಯನ್ನು ಮೊದಲೇ ಕಳಿಸಬೇಕು. ಕೆಂಪು ದೀಪ ಹೊತ್ತಿದಾಗ ಆರಂಭಿಸಿ, ಗಾಜಿನ ಆಚೆಯ ಕೈ ಸನ್ನೆ ಮಾಡಿದಾಗ ಮಂಗಳಕ್ಕೆ ಬರಬೇಕು. ಇದನ್ನು ದೂರಾಗಿ ಹೇಳುತ್ತಿಲ್ಲ. ಹತ್ತು ಹನ್ನೆರಡು ನಿಮಿಷದ ಭಾಷಣಕ್ಕಾಗಿ ಆ ಗಾಜಿನ ಈಚೆ ಕುಳಿತು ಗಡಿಯಾರದ ಮುಳ್ಳನ್ನು ಕದ್ದು ನೋಡಿದವನು ನಾನೂ ಹೌದು. ಆ ಶಿಸ್ತು ಇಲ್ಲದಿದ್ದರೆ ಎಷ್ಟೋ ಭಾಷಣಗಳು ಇನ್ನೂ ನಡೆಯುತ್ತಿರುತ್ತಿದ್ದವು. ನಾನು ಹೇಳಹೊರಟಿರುವುದು ಇಷ್ಟೆ: ಸಹಸ್ರಾರು ಮನೆಗಳಿಗೆ ಯಾವ ದನಿ ತಲುಪಬೇಕು, ಯಾವುದು ತಲುಪಬಾರದು ಎಂಬುದನ್ನು ನಿರ್ಧರಿಸುವ ಬೀಗದ ಕೈ ಸಾಮಾನ್ಯವಾಗಿ ಹಾಡುವವರ ಸೊಂಟದಲ್ಲಿ ಇರುವುದಿಲ್ಲ. ಅದು ಒಂದು ದಿನದ ಮಟ್ಟಿಗಾದರೂ ಅವರ ಕೈಗೆ ಬಂದರೆ ಸುದ್ದಿಯಾಗುವುದು ಆ ಕಾರಣದಿಂದ.

ಈ ಬೀಗದ ಕೈಯ ಕಥೆಯಲ್ಲಿ ನನಗೆ ಬಹಳ ಸ್ವಾರಸ್ಯವಾಗಿ ಕಂಡದ್ದು ಅಮೆರಿಕದ ಮಂಕೀಸ್ ತಂಡದ ವೃತ್ತಾಂತ. 1965ರಲ್ಲಿ ಹಾಲಿವುಡ್ಡಿನ ಇಬ್ಬರು ನಿರ್ಮಾಪಕರಿಗೆ, ಬೀಟಲ್ಸ್ ತಂಡದ ಕೀರ್ತಿಯನ್ನು ಕಂಡು, ಅಂಥದೇ ನಾಲ್ವರು ಹುಡುಗರ ಬಗ್ಗೆ ಒಂದು ದೂರದರ್ಶನ ಧಾರಾವಾಹಿಯನ್ನು ಮಾಡಬೇಕೆನಿಸಿತು. ತಂಡವೊಂದನ್ನು ಹುಡುಕಿ ಅದರ ಬಗ್ಗೆ ಧಾರಾವಾಹಿ ಮಾಡುವುದು ನಮ್ಮ ನಿಮ್ಮ ಕ್ರಮ. ಅವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಾನೂರಕ್ಕೂ ಹೆಚ್ಚು ಅರ್ಜಿದಾರರಲ್ಲಿ ನಾಲ್ವರನ್ನು ಆರಿಸಿ ತಂಡವನ್ನೇ ತಯಾರಿಸಿದರು. ಡೇವಿ ಜೋನ್ಸ್, ಮಿಕಿ ಡೋಲೆನ್ಜ್, ಪೀಟರ್ ಟಾರ್ಕ್, ಮೈಕೇಲ್ ನೆಸ್ಮಿತ್ ಎಂಬ ಈ ನಾಲ್ವರು 1966ರ ಸೆಪ್ಟೆಂಬರಿನಿಂದ ವಾರವಾರವೂ ಪರದೆಯ ಮೇಲೆ ಕುಣಿದರು, ನಗಿಸಿದರು, ಹಾಡಿದರು. ಹಾಡಿದರು ಎಂಬುದೇನೋ ನಿಜ, ನುಡಿಸಿದರು ಎನ್ನುವಂತಿಲ್ಲ. ಸಂಗೀತದ ಉಸ್ತುವಾರಿ ಡಾನ್ ಕಿರ್ಷ್‌ನರ್ ಎಂಬಾತನದು. ಹಾಡುಗಳನ್ನು ಆತ ಗೊತ್ತಾದ ರಚನಕಾರರಿಂದ ಬರೆಯಿಸುತ್ತಿದ್ದ. ವಾದ್ಯಗಳನ್ನು ಬಹುಮಟ್ಟಿಗೆ ಕೂಲಿಗೆ ಬಂದ ನುರಿತ ಕಲಾವಿದರಿಂದ ನುಡಿಸುತ್ತಿದ್ದ. ಈ ಹುಡುಗರ ಕೊರಳು ಮಾತ್ರ ಬೇಕಾಗುತ್ತಿತ್ತು. ಧ್ವನಿಮುದ್ರಿಕೆಗಳು ಲಕ್ಷಗಟ್ಟಲೆ ಮಾರಾಟವಾದವು. 1967ರ ಆರಂಭದಲ್ಲಿ ಇವರ ಎರಡನೆಯ ತಟ್ಟೆ ಅಂಗಡಿಗೆ ಬಂದಾಗ, ಅದು ಬಂದಿದೆ ಎಂಬ ಸಂಗತಿಯೇ ತಂಡದವರಿಗೆ ತಿಳಿದಿರಲಿಲ್ಲ!

ಇಂಥ ಏರ್ಪಾಟಿನಲ್ಲಿ ಸುಖವಾಗಿ ಇರುವವರು ಇರುತ್ತಾರೆ. ಸಂಬಳ ಬರುತ್ತದೆ, ಬೀದಿಯಲ್ಲಿ ಜನ ಮುತ್ತುತ್ತಾರೆ, ಇನ್ನೇನು ಬೇಕು? ಆದರೆ ನೆಸ್ಮಿತ್ ಸ್ವತಃ ಹಾಡು ಕಟ್ಟಬಲ್ಲವನು, ಟಾರ್ಕ್ ಹಲವು ವಾದ್ಯಗಳನ್ನು ಬಲ್ಲವನು. ನಮ್ಮ ಹೆಸರಿನಲ್ಲಿ ಹೊರಬೀಳುವ ಸಂಗೀತವನ್ನು ನಾವೇ ನುಡಿಸುತ್ತೇವೆ ಎಂದು ಅವರು ಹಠ ಹಿಡಿದರು. ಮಾತುಕತೆಯ ನಡುವೆ ಕರಾರನ್ನು ಮತ್ತೊಮ್ಮೆ ಓದಿಕೊಳ್ಳಿ ಎಂದು ಯಾರೋ ಉಪದೇಶಿಸಲು ನೆಸ್ಮಿತ್ ಹೋಟೆಲಿನ ಗೋಡೆಗೆ ಗುದ್ದಿ ತೂತುಮಾಡಿದನೆಂಬ ಕಥೆ ಆ ವಲಯದಲ್ಲಿ ಬಹು ಪ್ರಸಿದ್ಧ. ಅಂತೂ ಕೆಲವೇ ವಾರಗಳಲ್ಲಿ ಕಿರ್ಷ್‌ನರ್ ಹೊರಗೆ ಹೋದ, ಹುಡುಗರು ಒಳಗೆ ಬಂದರು. 1967ರ ಮೇ ತಿಂಗಳಲ್ಲಿ ತಾವೇ ನುಡಿಸಿದ ‘ಹೆಡ್‌ಕ್ವಾರ್ಟರ್ಸ್’ ಎಂಬ ತಟ್ಟೆಯನ್ನು ಹೊರತಂದರು. ಮರ ಮಾಡಿದ ಬೊಂಬೆ ಸೂತ್ರವನ್ನು ಕಿತ್ತುಕೊಂಡು ತಾನೇ ನಡೆದಂತೆ!

ಇಲ್ಲಿ ಕಥೆಯನ್ನು ನಿಲ್ಲಿಸಿ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಲೆಕ್ಕವನ್ನೂ ನೋಡಬೇಕು. ಕಿರ್ಷ್‌ನರ್ ಮಾಡಿಸಿದ ಎರಡನೆಯ ತಟ್ಟೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಹದಿನೆಂಟು ವಾರ ಮೊದಲ ಸ್ಥಾನದಲ್ಲಿತ್ತು. ಇವರು ತಾವೇ ನುಡಿಸಿದ್ದು ಒಂದೇ ಒಂದು ವಾರ. ಆಮೇಲೆ ಬೀಟಲ್ಸರ ಸಾರ್ಜೆಂಟ್ ಪೆಪ್ಪರ್ ಬಂದು ಅದನ್ನು ಕೆಳಕ್ಕೆ ಸರಿಸಿತು. ಧಾರಾವಾಹಿ 1968ರಲ್ಲಿ ಮುಗಿಯಿತು. ಇನ್ನು ಕಿರ್ಷ್‌ನರ್ ಏನು ಮಾಡಿದ ಬಲ್ಲಿರಾ? ಮುಂದಿನ ಸಲ ಮನುಷ್ಯರ ಸಹವಾಸವೇ ಬೇಡವೆಂದು ವ್ಯಂಗ್ಯಚಿತ್ರದ ಪಾತ್ರಗಳ ತಂಡವೊಂದಕ್ಕೆ ಸಂಗೀತ ಮಾಡಿಸಿದ. ಆರ್ಚೀಸ್ ಎಂಬ ಆ ಚಿತ್ರದ ಹುಡುಗರ ಹಾಡೊಂದು 1969ರಲ್ಲಿ ಅಮೆರಿಕದ ಪಟ್ಟಿಯ ತುದಿಯನ್ನೇ ಮುಟ್ಟಿತು. ಬಣ್ಣದಲ್ಲಿ ಬರೆದ ಹುಡುಗರು ಗೋಡೆಗೆ ಗುದ್ದುವುದಿಲ್ಲವಷ್ಟೆ. ಯಂತ್ರವೇ ಹಾಡು ಕಟ್ಟಿ ಯಂತ್ರವೇ ಹಾಡುವ ಕಾಲಕ್ಕೆ ನಾವು ಬಂದಿರುವಾಗ ಕಿರ್ಷ್‌ನರ್‌ನ ಮುಂದಾಲೋಚನೆಯನ್ನು ನೆನೆದರೆ ನನಗೆ ಸ್ವಲ್ಪ ಭಯವಾಗುತ್ತದೆ.

ಈ ನೆಸ್ಮಿತ್‌ನ ಬಗ್ಗೆ ಇನ್ನೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇವನ ತಾಯಿ ಬೆಟ್ ನೆಸ್ಮಿತ್ ಟೆಕ್ಸಾಸಿನ ಬ್ಯಾಂಕೊಂದರಲ್ಲಿ ಬೆರಳಚ್ಚಿನ ಕೆಲಸದಲ್ಲಿದ್ದಾಕೆ. ತಪ್ಪು ಬಿದ್ದ ಅಕ್ಷರದ ಮೇಲೆ ಬಳಿದರೆ ಒಣಗಿ ಕಾಗದದ ಬಣ್ಣಕ್ಕೇ ತಿರುಗುವ ಬಿಳಿಯ ದ್ರವವನ್ನು ಮನೆಯ ಅಡಿಗೆಯ ಕೋಣೆಯಲ್ಲಿ ಕಲಸಿ ಮಾಡಿ ಲೋಕಕ್ಕೆ ಕೊಟ್ಟವಳು ಆಕೆಯೆ. ಅದೇ ಮುಂದೆ ಲಿಕ್ವಿಡ್ ಪೇಪರ್ ಎಂದು ಹೆಸರಾಯಿತು. 1979ರಲ್ಲಿ ಆಕೆ ಆ ಉದ್ಯಮವನ್ನು ಜಿಲೆಟ್ ಸಂಸ್ಥೆಗೆ ನಾಲ್ಕೂಮುಕ್ಕಾಲು ಕೋಟಿ ಡಾಲರಿಗೆ ಮಾರಿದಳು. ನಮ್ಮ ಗಾಂಧೀಬಜಾರಿನ ಬೆರಳಚ್ಚು ಶಾಲೆಗಳಲ್ಲಿ ಆ ಪುಟ್ಟ ಸೀಸೆಯನ್ನು ಅಸೂಯೆಯಿಂದ ನೋಡಿದವರಿಗೆ ಅದರ ಹಿಂದೆ ಒಬ್ಬ ರಾಕ್ ಗಾಯಕನ ತಾಯಿ ಇದ್ದಾಳೆಂದು ಹೇಗೆ ತಿಳಿಯಬೇಕು?

ಮಗ 1977ರಲ್ಲಿ ತನ್ನ ಒಂದು ಹಾಡಿಗೆ ಒಂದು ಕಿರುಚಿತ್ರ ಮಾಡಿದ. ಹಾಡುಗಾರ ಖುದ್ದಾಗಿ ಹೋಗಲಾಗದ ದೂರದ ದೇಶಗಳಿಗೆ ಅವನ ಬದಲು ಈ ಚಿತ್ರವನ್ನು ಕಳಿಸುವುದು ಉದ್ದೇಶ. ಇಂಥ ಕಿರುಚಿತ್ರಗಳನ್ನೇ ಒಂದರ ಹಿಂದೆ ಒಂದರಂತೆ, ರೇಡಿಯೋದಲ್ಲಿ ತಟ್ಟೆಗಳನ್ನು ಹಾಕುವ ಹಾಗೆ, ತೋರಿಸುತ್ತ ಹೋದರೆ ಏನು ಎಂಬ ಯೋಚನೆ ಅವನಿಗೆ ಬಂತು. ‘ಪಾಪ್‌ಕ್ಲಿಪ್ಸ್’ ಎಂಬ ಹೆಸರಿನ ಆ ಕಾರ್ಯಕ್ರಮ 1980ರಲ್ಲಿ ಮಕ್ಕಳ ವಾಹಿನಿಯೊಂದರಲ್ಲಿ ಬಂದಿತು. ವಾಹಿನಿಯ ಒಡೆತನದ ಸಂಸ್ಥೆ ಆ ಯೋಚನೆಯನ್ನು ಹಿಗ್ಗಿಸಿ, 1981ರ ಆಗಸ್ಟ್ 1ರ ನಡುರಾತ್ರಿ ಕಳೆದ ಒಂದು ನಿಮಿಷಕ್ಕೆ, ದಿನವಿಡೀ ಹಾಡಿನ ಚಿತ್ರಗಳನ್ನೇ ತೋರಿಸುವ ವಾಹಿನಿಯೊಂದನ್ನು ತೆರೆಯಿತು. ಅದೇ ಎಂಟಿವಿ. ಚಿತ್ರ ಬಂದು ರೇಡಿಯೋ ಗಾಯಕನನ್ನು ಕೊಂದಿತು ಎಂಬರ್ಥದ ಹಾಡಿನಿಂದ ಅದು ಆರಂಭವಾಯಿತು. ಬಾನುಲಿಯ ಮುಂದೆ ಕುಳಿತು ಈ ಮಾತನ್ನು ಹೇಳುತ್ತಿರುವುದರಿಂದ, ಆ ಕೊಲೆ ಪೂರ್ತಿಯಾಗಲಿಲ್ಲವೆಂದು ಸೇರಿಸುವ ಅಧಿಕಾರ ನನಗಿದೆ. ಹೀಗೆ, ಬೊಂಬೆಯಾಗಿ ದೂರದರ್ಶನವನ್ನು ಹೊಕ್ಕವನು ಸಂಗೀತ ವಾಹಿನಿ ಎಂಬುದರ ಮೂಲಪುರುಷರಲ್ಲಿ ಒಬ್ಬನಾದ. ಅದರ ಯಜಮಾನ ಮಾತ್ರ ಆಗಲಿಲ್ಲ. ತನ್ನ ಹಾಡಿನ ಕಿರುಚಿತ್ರಗಳನ್ನು ಮಾಡಿಕೊಂಡು, ಬೇರೆ ದಾರಿ ಹಿಡಿದು, 2021ರಲ್ಲಿ ತೀರಿಕೊಂಡ.

ಯಜಮಾನಿಕೆ ಕಲಾವಿದರಿಗೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ಬೀಟಲ್ಸ್ ತಂಡದವರು 1963ರಲ್ಲಿ ಬಿಬಿಸಿ ಬಾನುಲಿಯಲ್ಲಿ ಹದಿನೈದು ವಾರ ತಮ್ಮದೇ ಕಾರ್ಯಕ್ರಮವನ್ನು ನಡೆಸಿದಾಗ, ಕೇಳುಗರ ಪತ್ರಗಳನ್ನು ಓದುತ್ತ, ತಮಾಷೆ ಮಾಡುತ್ತ, ಇತರರ ಹಾಡುಗಳನ್ನೂ ತಮ್ಮದಾಗಿ ಹಾಡುತ್ತ ಬಹಳ ಚೆನ್ನಾಗಿ ನಡೆಸಿದರು. ನಾಲ್ಕು ವರ್ಷಗಳ ಮೇಲೆ ಕೀರ್ತಿಯ ಶಿಖರದಲ್ಲಿದ್ದಾಗ, ನಿರ್ದೇಶಕನೊಬ್ಬನ ಹಂಗೂ ಇಲ್ಲದೆ ತಾವೇ ಒಂದು ದೂರದರ್ಶನ ಚಿತ್ರವನ್ನು ಮಾಡಿದರು. 1967ರ ಕ್ರಿಸ್‌ಮಸ್‌ನ ಮರುದಿನ ಬಿಬಿಸಿ ಅದನ್ನು ಪ್ರಸಾರ ಮಾಡಿತು. ಬಣ್ಣಗಳ ಆಟವನ್ನೇ ನಂಬಿದ್ದ ಚಿತ್ರ ಕಪ್ಪು ಬಿಳುಪಿನಲ್ಲಿ ಹೋಯಿತು. ಊಟ ಮುಗಿಸಿ ಕುಟುಂಬ ಸಮೇತರಾಗಿ ಕುಳಿತಿದ್ದ ಇಂಗ್ಲೆಂಡಿನ ಜನ ಮುಖ ಮುಖ ನೋಡಿಕೊಂಡರು. ಪತ್ರಿಕೆಗಳು ಹರಿದು ಹಾಕಿದವು. ಗಾಜಿನ ಆಚೆ ಕೈಸನ್ನೆ ಮಾಡುವವನೊಬ್ಬ ಇರುವುದು ಕೆಲವು ಸಲ ಒಳ್ಳೆಯದೆ.

ಇನ್ನು ವೃತ್ತಿಪರ ಯಜಮಾನರಾದರೂ ತಮ್ಮ ಕೀಲಿಕೈಯನ್ನು ಹೇಗೆ ಬಳಸಿದರು? ಎಂಟಿವಿಯ ಮೊದಲ ಎರಡು ವರ್ಷಗಳಲ್ಲಿ ಕಪ್ಪು ಜನಾಂಗದ ಗಾಯಕರ ಚಿತ್ರಗಳು ಅದರಲ್ಲಿ ಕಾಣುತ್ತಿದ್ದುದು ತೀರ ಅಪರೂಪ. ನಾವು ರಾಕ್ ಸಂಗೀತದ ವಾಹಿನಿ, ಅವರದು ಬೇರೆ ಬಗೆಯ ಸಂಗೀತ ಎಂಬುದು ಸಮಾಧಾನ. ರಾಕ್ ಎಂಬುದರ ಬೇರೇ ಕಪ್ಪು ಜನರ ಹಾಡಿನಲ್ಲಿ ಇದೆ ಎಂಬುದನ್ನು ಈ ಸಮಾಧಾನ ಮರೆತಿತ್ತು. 1983ರಲ್ಲಿ ಡೇವಿಡ್ ಬೋವಿ ಎಂಬ ಬಿಳಿಯ ಗಾಯಕ, ತನ್ನ ಸಂದರ್ಶನಕ್ಕೆ ಬಂದ ಅದೇ ವಾಹಿನಿಯ ನಿರೂಪಕನನ್ನು, ಕಪ್ಪು ಕಲಾವಿದರು ಏಕೆ ಇಷ್ಟು ಕಡಮೆ ಎಂದು ಮುಖಾಮುಖಿ ಕೇಳಿದ. ನಿರೂಪಕ ತಡವರಿಸಿ, ಸಣ್ಣ ಊರುಗಳ ಜನ ಏನೆಂದುಕೊಂಡಾರು ಎಂಬಂಥ ಉತ್ತರ ಕೊಟ್ಟ. ಅದೇ ವರ್ಷ ಮೈಕೇಲ್ ಜಾಕ್ಸನ್‌ನ ಚಿತ್ರಗಳು ಆ ವಾಹಿನಿಯಲ್ಲಿ ಬಂದವು. ಸಣ್ಣ ಊರುಗಳ ಜನ ಕುಣಿದಾಡಿದರು.

ನಮ್ಮ ಮನೆಯಂಗಳಕ್ಕೇ ಬರೋಣ. ನಾನು ಹುಡುಗನಾಗಿದ್ದಾಗ ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಗೂಡು, ಅದರೊಳಗೆ ಒಂದು ರೇಡಿಯೋ. ಸಂಜೆ ಉದ್ಯಾನದ ಆಳು ಬಂದು ಗೂಡಿನ ಬೀಗ ತೆಗೆದು, ಕಿವಿ ಹಿಂಡಿ, ಮತ್ತೆ ಬೀಗ ಹಾಕಿ ಹೋಗುತ್ತಿದ್ದ. ಸುತ್ತ ಹುಲ್ಲಿನ ಮೇಲೆ ಕುಳಿತ ಐವತ್ತು ಜನ ಅವನು ಹಚ್ಚಿದ್ದನ್ನು ಕೇಳಬೇಕು. ಸಿಲೋನಿಗೆ ತಿರುಗಿಸಪ್ಪಾ ಎಂದು ಹುಡುಗರು ದುಂಬಾಲು ಬಿದ್ದರೂ ಅವನು ಒಪ್ಪುತ್ತಿರಲಿಲ್ಲ. ಸಿಲೋನಿಗೆ ಏಕೆ ಎಂದು ಇಂದಿನವರಿಗೆ ವಿವರಿಸಬೇಕಾದೀತು. 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಗಳಾದ ಬಿ. ವಿ. ಕೇಸ್ಕರ್ ಅವರಿಗೆ ಚಲನಚಿತ್ರ ಗೀತೆಗಳೆಂದರೆ ಆಗದು. ಆಕಾಶವಾಣಿಯಲ್ಲಿ ಅವು ಬಹುಮಟ್ಟಿಗೆ ಬಾಯಿ ಮುಚ್ಚಿದವು. ಅದೇ ವರ್ಷ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲೆ ತೊಡಗಿತು, ದೇಶದ ಕಿವಿಯೇ ಸಮುದ್ರದ ಆಚೆಗೆ ತಿರುಗಿತು. ಅದನ್ನು ಮರಳಿ ತಿರುಗಿಸಲು 1957ರ ಅಕ್ಟೋಬರಿನಲ್ಲಿ ವಿವಿಧಭಾರತಿ ಹುಟ್ಟಬೇಕಾಯಿತು. ಅದಕ್ಕೂ ಹಿಂದೆ, 1940ರಲ್ಲಿ, ಹಾರ್ಮೋನಿಯಂ ಪೆಟ್ಟಿಗೆ ನಮ್ಮ ಸಂಗೀತದ ಸೂಕ್ಷ್ಮ ಸ್ವರಗಳಿಗೆ ಒಗ್ಗದೆಂದು ಅದನ್ನು ಬಾನುಲಿಯಿಂದ ಬಹಿಷ್ಕರಿಸಲಾಗಿತ್ತು. ಆ ಬಹಿಷ್ಕಾರ ಸಡಿಲವಾದದ್ದು 1971ರಲ್ಲಿ. ಊರೂರಿನ ಕಂಪನಿ ನಾಟಕಗಳಲ್ಲಿ ಆ ಪೆಟ್ಟಿಗೆ ಹಾಡುತ್ತಲೇ ಇತ್ತು. ಪ್ರಸಾರದ ಮಟ್ಟಿಗೆ ಮೂವತ್ತೊಂದು ವರ್ಷ ಅದು ಇರಲೇ ಇಲ್ಲ. ಕೇಸ್ಕರರ ಪರವಾಗಿ ಒಂದು ಮಾತು ಹೇಳಬೇಕು: ಶಾಸ್ತ್ರೀಯ ಸಂಗೀತಗಾರರಿಗೆ ಅರಮನೆಗಳ ಆಶ್ರಯ ತಪ್ಪಿದ ಆ ಹೊತ್ತಿನಲ್ಲಿ ಅನ್ನವನ್ನೂ ಗೌರವವನ್ನೂ ಕೊಟ್ಟದ್ದು ಅದೇ ಆಕಾಶವಾಣಿ.

ಹಾಗೆ ಅನ್ನ ಕೊಟ್ಟದ್ದಷ್ಟೇ ಅಲ್ಲ, ನಮ್ಮ ಕೇಂದ್ರದಲ್ಲಿ ಹಾಡುವವರೇ ಹಾಡಿಸುವವರೂ ಆಗಿದ್ದ ಒಂದು ಕಾಲವಿತ್ತು. ಮೊದಲಿಗೆ, ಮೈಸೂರಿನಲ್ಲಿ ಆಕಾಶವಾಣಿ ಎಂಬ ಹೆಸರನ್ನು ಹೊತ್ತು 1935ರಲ್ಲಿ ಹುಟ್ಟಿದ ಕೇಂದ್ರವೇ ಒಬ್ಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಎಂ. ವಿ. ಗೋಪಾಲಸ್ವಾಮಿಯವರು, ತಮ್ಮ ಮನೆಯಲ್ಲೇ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ನಡೆಸಿದ ಸಾಹಸ. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ತೊಡಗಿದ ಮೇಲೆ ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರು ಅಲ್ಲಿ ಸಂಗೀತದ ಹೊಣೆ ಹೊತ್ತರು, ಆರ್. ಕೆ. ಶ್ರೀಕಂಠನ್ ಅವರು ಮೂರು ದಶಕಗಳ ಕಾಲ ಆಕಾಶವಾಣಿಯ ಸೇವೆಯಲ್ಲಿದ್ದರು. ಬೆಳಿಗ್ಗೆ ಕಛೇರಿಯ ಕಾಗದಪತ್ರ ನೋಡಿ ಸಂಜೆ ಗಾಯನ ಸಮಾಜದ ವೇದಿಕೆಯೇರುವ ಮನುಷ್ಯರು ಇವರು. ಕವಿಗಳ ಗೀತನಾಟಕಗಳಿಗೆ, ಭಾವಗೀತೆಗಳಿಗೆ ಆ ಗೋಡೆಗಳ ನಡುವೆ ಸ್ವರ ಹತ್ತಿದ್ದು ಇಂಥವರಿದ್ದುದರಿಂದ. ಯಾವ ತಂಡವೂ ಒಂದು ದಿನಕ್ಕೆಂದು ಬಂದು ವಾಹಿನಿಯನ್ನು ವಶಪಡಿಸಿಕೊಳ್ಳಲಿಲ್ಲ; ಗುಮಾಸ್ತಿಕೆಯ ನಡುವೆಯೇ, ಸದ್ದಿಲ್ಲದೆ, ಇಪ್ಪತ್ತು ಮೂವತ್ತು ವರ್ಷ ಅದನ್ನು ಹಿಡಿದಿದ್ದರು. ಫೂ ಫೈಟರ್ಸ್‌ನವರ ಇಪ್ಪತ್ತನಾಲ್ಕು ಗಂಟೆಗಳಿಗಿಂತ ಈ ವಶ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಆದರೂ ಬಾನುಲಿಯ ಬಾಗಿಲು ಸಣ್ಣದು. ವಾರದಲ್ಲಿ ಇಷ್ಟು ನಿಮಿಷ, ಇಂಥವರಿಗೆ ಇಂಥ ಶ್ರೇಣಿ ಎಂಬ ಲೆಕ್ಕ. ಆ ಲೆಕ್ಕವನ್ನು ದಾಟುವ ದಾರಿ ಕನ್ನಡದ ಹಾಡುಗಾರರಿಗೆ ದೊರೆತದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದೆನ್ನುತ್ತಾರೆ. ಆಮೇಲೆ ಅದೊಂದು ಹೊಳೆ. ನರಸಿಂಹಸ್ವಾಮಿಯವರ ಮಲ್ಲಿಗೆ, ಬೇಂದ್ರೆ, ಕುವೆಂಪು, ಶರೀಫಜ್ಜ, ಎಲ್ಲರೂ ಕ್ಯಾಸೆಟ್ಟಿನೊಳಗೆ ಸುರುಳಿ ಸುತ್ತಿ ಕುಳಿತು ಊರೂರಿಗೆ ಬಸ್ಸಿನಲ್ಲಿ ಪ್ರಯಾಣ ಮಾಡಿದರು. ಈ ವ್ಯಾಪಾರದ ಒಂದು ದೊಡ್ಡ ಮನೆ, ಲಹರಿ ಸಂಸ್ಥೆ, ಇರುವುದು ನಮ್ಮ ಚಾಮರಾಜಪೇಟೆಯಲ್ಲೆ. ಯಾವ ಹಾಡಿನ ಮುಂದೆ ಯಾವ ಹಾಡು, ಎ ಬದಿಗೆ ಯಾವುದು ಬಿ ಬದಿಗೆ ಯಾವುದು ಎಂಬುದನ್ನು ಈಗ ಸ್ವರ ಹಾಕಿದವರೇ ನಿರ್ಧರಿಸಬಹುದು. ಇದು ತಮ್ಮದೇ ಒಂದು ವಾಹಿನಿಯಲ್ಲದೆ ಮತ್ತೇನು? ಉದ್ಯಾನದ ಗೂಡಿಗೆ ಬೀಗ ಹಾಕುತ್ತಿದ್ದ ಆಳಿನ ಹಂಗು ಕೇಳುವವರಿಗೂ ತಪ್ಪಿತು. ಬೇಡವಾದರೆ ಮುಂದಕ್ಕೆ ಓಡಿಸಬಹುದು, ಬೇಕಾದರೆ ಸುರುಳಿ ತುಂಡಾಗುವವರೆಗೆ ಕೇಳಬಹುದು.

ಆ ಕಾಲದ ನಾಯಕರಲ್ಲಿ ಒಬ್ಬರಾದ ಸಿ. ಅಶ್ವಥ್ ಹಗಲು ಐಟಿಐ ಕಾರ್ಖಾನೆಯ ನೌಕರರು, ಉಳಿದ ವೇಳೆಯೆಲ್ಲ ಸಂಗೀತಗಾರರು. ಅವರ ಹೆಸರಿನ ಕಲಾಭವನ ಇಂದು ಬಸವನಗುಡಿಯ ಪಕ್ಕದ ಎನ್. ಆರ್. ಕಾಲೋನಿಯಲ್ಲಿದೆ. ಅಶ್ವಥರ ದನಿಯಲ್ಲಿ ರಾಕ್ ಗಾಯಕನ ಹುಮ್ಮಸ್ಸು ಇತ್ತು ಎಂದು ನಾನು ಹೇಳಿದರೆ ಭಾವಗೀತೆಯ ಭಕ್ತರು ಮುನಿದಾರು, ಆದರೂ ಹೇಳುತ್ತೇನೆ. ಮೃದುವಾಗಿ ಕೂತು ಹಾಡಬೇಕಾದುದನ್ನು ಅವರು ನಿಂತು, ಕೈಯೆತ್ತಿ, ಉಸಿರು ಒಡೆಯುವಂತೆ ಹಾಡಿದರು. 2003ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಮಳೆಯ ನಡುವೆ ಹಾಡಿತು. 2007ರ ಮಾರ್ಚಿನಲ್ಲಿ ಅಲ್ಲೇ ಐರನ್ ಮೇಡನ್ ತಂಡದವರ ಅಬ್ಬರ. ಇವೆರಡರ ನಡುವೆ, 2005ರ ಏಪ್ರಿಲಿನಲ್ಲಿ, ಅದೇ ಮೈದಾನದಲ್ಲಿ ಅಶ್ವಥರು ‘ಕನ್ನಡವೇ ಸತ್ಯ’ ಎಂಬ ಹೆಸರಿನಲ್ಲಿ ಕನ್ನಡ ಕವಿಗಳನ್ನು ಹಾಡಿದರು. ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರೆಂದು ಅಂದಿನ ವರದಿಗಳು. ಕವಿತೆ ಕೇಳಲು ಲಕ್ಷ ಜನ! ಇದೇ ಊರಿನಲ್ಲಿ, ನಾಲ್ಕು ವರ್ಷ ಮೊದಲು, 2001ರ ಜುಲೈಯಲ್ಲಿ, ದೇಶದ ಮೊಟ್ಟಮೊದಲ ಖಾಸಗಿ ಎಫ್‌ಎಂ ಕೇಂದ್ರ ಆರಂಭವಾಗಿತ್ತು. ಆ ಬಗೆಯ ಕೇಂದ್ರಗಳ ಎಳೆತನದಲ್ಲಿ ಹಿಂದಿ ಇಂಗ್ಲಿಷುಗಳದೇ ಮೇಲುಗೈ. ಕನ್ನಡ ಹಾಡನ್ನು ಕೇಳುವವರಾದರೂ ಯಾರು, ಜಾಹೀರಾತು ಕೊಡುವವರಾದರೂ ಯಾರು ಎಂಬ ಹಗುರವಾದ ಮಾತು ನಗರದಲ್ಲಿ ಓಡಾಡುತ್ತಿತ್ತು. ಯಾರು ಎಂಬುದು ಆ ಸಂಜೆ ಮೈದಾನದಲ್ಲಿ ಕುಳಿತಿತ್ತು. ಕಾಲಕ್ರಮದಲ್ಲಿ ಅಂಥ ಕೇಂದ್ರಗಳು ಕನ್ನಡದ ಹಾಡುಗಳನ್ನೇ ನೆಚ್ಚಿ ನಡೆದದ್ದನ್ನೂ ನಾವು ನೋಡಿದ್ದೇವೆ. ಯಜಮಾನರಿಗೆ ಜನರ ರುಚಿ ಗೊತ್ತು ಎಂಬುದು ಯಜಮಾನರೇ ಹಬ್ಬಿಸಿದ ಸುದ್ದಿಯಿರಬೇಕು.

ಹಾಗಾದರೆ ಬೆಂಗಳೂರಿನ ರಾಕ್ ತಂಡಗಳು? ಅವೂ ಇವೆ, ಬಹಳ ಕಾಲದಿಂದ ಇವೆ. 1996ರಲ್ಲಿ ಕಾಲೇಜು ಹುಡುಗರು ಕಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಇಂಗ್ಲಿಷಿನಲ್ಲಿ ತನ್ನದೇ ಹಾಡುಗಳನ್ನು ಹಾಡುತ್ತ ಬಂದಿದೆ. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿಶಾಸ್ತ್ರ ಓದಿದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಗಿಟಾರು ಹಿಡಿದು, 2008ರ ತಮ್ಮ ಮೊದಲ ಸಂಕಲನದಲ್ಲಿ ಶಿಶುನಾಳ ಶರೀಫರ ಎರಡು ಪದಗಳನ್ನು ಸೇರಿಸಿದರು. ಎರಡು ವರ್ಷಗಳ ಮೇಲೆ, ಲುಂಗಿಯುಟ್ಟು ಗೆಜ್ಜೆ ಕಟ್ಟಿದ ಈ ಗಾಯಕ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದ್ದೇ ತಡ, ಸಂಕಲನ ಇಂಗ್ಲೆಂಡಿನ ವಿಶ್ವಸಂಗೀತದ ಮಾರಾಟದ ಪಟ್ಟಿಯಲ್ಲಿ ಮೇಲೇರಿತು. ನಮ್ಮ ವಾಹಿನಿಗಳು ಆಗ ಎಲ್ಲಿದ್ದವು? 1991ರಲ್ಲಿ ಹಾಂಗ್‌ಕಾಂಗಿನ ಉಪಗ್ರಹದಿಂದ ಎಂಟಿವಿ ನಮ್ಮ ತಾರಸಿಗಳ ಬಾಣಲೆಗಳಿಗೆ ಇಳಿದಾಗ, 1994ರಲ್ಲಿ ಚಾನೆಲ್ ವಿ, 1996ರಲ್ಲಿ ಎಂಟಿವಿಯ ಭಾರತೀಯ ಶಾಖೆ ಬಂದಾಗ, ಮಲ್ಲೇಶ್ವರದ ಮರಗಳ ನಡುವೆ ಜೇಡನ ಬಲೆಯಂತೆ ತಂತಿ ಎಳೆದು ಇದನ್ನೆಲ್ಲ ಮನೆಮನೆಗೆ ತಂದುಕೊಂಡಿದ್ದೆವು. ತರುಣರ ತಂಡಗಳಿಗೆ ಇನ್ನು ಒಂದು ಬಾಗಿಲು ತೆರೆಯಿತೆಂದು ಅನೇಕರು ನಂಬಿದ್ದರು. ಕೆಲವರಿಗೆ ತೆರೆದದ್ದೂ ಉಂಟು. ಆದರೆ ಬೇಗನೆ ಹಿಂದಿ ಚಿತ್ರಗೀತೆಗಳು ಅಲ್ಲಿ ಬಿಡಾರ ಹೂಡಿದವು. ಅವುಗಳ ಹಿಂದೆಯೇ ಪಂದ್ಯ, ಜಗಳ, ಪ್ರಣಯಗಳ ಸ್ಪರ್ಧೆಗಳು ಬಂದವು. ಸಂಗೀತ ವಾಹಿನಿಯಲ್ಲಿ ಸಂಗೀತವೇ ಅತಿಥಿಯಾಯಿತು. ಚಾನೆಲ್ ವಿ 2018ರಲ್ಲಿ ಭಾರತದಲ್ಲಿ ಕಣ್ಮುಚ್ಚಿತು. 2025ರ ಡಿಸೆಂಬರ್ 31ರಂದು ಇಂಗ್ಲೆಂಡಿನಲ್ಲಿ ಎಂಟಿವಿಯ ಐದು ಸಂಗೀತ ವಾಹಿನಿಗಳು ಒಟ್ಟಿಗೆ ನಿಂತುಹೋದವು. ವಶಪಡಿಸಿಕೊಳ್ಳೋಣ ಎಂದು ತಂಡವೊಂದು ಇಂದು ಹೊರಟರೆ, ಮೊದಲು ವಾಹಿನಿಯನ್ನು ಹುಡುಕಬೇಕು.

ಈಗ ಎಲ್ಲರ ಕೈಯಲ್ಲೂ ಫೋನು ಇದೆ, ಎಲ್ಲರಿಗೂ ಅವರವರ ವಾಹಿನಿ ಇದೆ ಎನ್ನುತ್ತಾರೆ. ಇದ್ದರೂ ಇರಬಹುದು. ನಮ್ಮ ಮನೆಯ ಹುಡುಗಿಯ ಫೋನಿನಲ್ಲಿ ಒಂದು ಹಾಡು ಮುಗಿದೊಡನೆ ಇನ್ನೊಂದು ತಾನಾಗಿ ತೊಡಗುತ್ತದೆ. ಇದನ್ನು ಹಾಕಿದವರು ಯಾರಮ್ಮ ಎಂದು ಕೇಳಿದರೆ, ಯಾರೂ ಹಾಕಲಿಲ್ಲ ತಾತ, ಅದೇ ಬಂತು ಎನ್ನುತ್ತಾಳೆ. ಉದ್ಯಾನದ ಆಳಿಗೆ ಮುಖವಿತ್ತು, ಹೆಸರಿತ್ತು. ಹಬ್ಬದ ದಿನ ನಾಲ್ಕಾಣೆ ಕೊಟ್ಟರೆ ಸಿಲೋನಿಗೆ ತಿರುಗಿಸಿಯಾನು ಎಂಬ ಆಸೆಯಾದರೂ ಇತ್ತು. ಅದೇ ಬಂತು ಎಂಬ ಈ ಯಜಮಾನನಿಗೆ ಚೀಟಿ ಕಳಿಸುವುದು ಎಲ್ಲಿಗೆ?

ಆದುದರಿಂದಲೇ ನನಗೊಂದು ಹುಚ್ಚು ಆಸೆ. ಬೆಂಗಳೂರಿನ ಯಾವುದಾದರೂ ತಂಡಕ್ಕೆ, ರಾಕ್ ತಂಡವಾದರೂ ಸರಿ, ನಮ್ಮ ಚಂದನ ವಾಹಿನಿಯನ್ನೋ ಬೆಂಗಳೂರು ಆಕಾಶವಾಣಿಯನ್ನೋ ಒಂದೇ ಒಂದು ದಿನ ಒಪ್ಪಿಸಬೇಕು. ಬೆಳಿಗ್ಗೆ ಪ್ರಸಾರದ ಆರಂಭದಿಂದ ರಾತ್ರಿಯ ಮುಕ್ತಾಯದವರೆಗೆ ಅವರದೇ ಕಾರುಬಾರು. ಹಾಡಲಿ, ಶರೀಫಜ್ಜನನ್ನು ಗಿಟಾರಿನ ಮೇಲೆ ಕೂರಿಸಲಿ, ಕಾಳಿಂಗರಾಯರ ಹಳೆಯ ತಟ್ಟೆಗಳನ್ನು ಹುಡುಕಿ ತೆಗೆಯಲಿ, ತಮಗೆ ಪಾಠ ಹೇಳಿದ ಗುರುಗಳನ್ನು ಕರೆತಂದು ಕೂರಿಸಲಿ, ಕೇಳುಗರ ಪತ್ರಗಳನ್ನು ಓದಲಿ. ನಾವು ಮುದುಕರೂ ಒಂದೆರಡು ಚೀಟಿ ಕಳಿಸುತ್ತೇವೆ; ತೊಡೆಯ ಕೆಳಗೆ ಇಟ್ಟುಕೊಂಡರೆ ಬೇಸರವಿಲ್ಲ. ನಡುವೆ ಪ್ರದೇಶ ಸಮಾಚಾರದ ಹೊತ್ತಾಗುತ್ತದೆ, ರೈತರಿಗೆ ಪೇಟೆಯ ಧಾರಣೆ ಹೇಳಬೇಕಾಗುತ್ತದೆ. ಅದನ್ನೂ ಅವರೇ ಓದಲಿ. ಗುಂಡು ಈರುಳ್ಳಿ ಕ್ವಿಂಟಲಿಗೆ ಇಷ್ಟು, ಹುರುಳಿ ಇಷ್ಟು ಎಂದು ಡ್ರಮ್ಸ್ ಬಾರಿಸುವ ಹುಡುಗ ತಾಳ ತಪ್ಪದೆ ಓದುವುದನ್ನು ಕೇಳಲು ನಾನಂತೂ ಬೆಳಗಿನ ಕಾಫಿಗೆ ಮೊದಲೇ ರೇಡಿಯೋ ಹಚ್ಚಿ ಕುಳಿತಿರುತ್ತೇನೆ.